ಬರಸೀಮೆಯ ಕಂದಪುಷ್ಪಗಳು

ಹೂವಿಲ್ಲದ ಅಂಗಳವು ದೀಪವಿಲ್ಲದ ಗೂಡಿನಂತೆ ಎಂಬುದು ನಮ್ಮ ಗೃಹಿಣಿಯರ ಅಭಿಪ್ರಾಯ. ದೇವರ ಮುಂದಿಡುವುದಕ್ಕೆ ಒಂದು ಹೂ, ಹೆಣ್ಣುಮಕ್ಕಳ ಮುಡಿಗೆ ಒಂದು ಎಳೆ, ಮನೆಗೆ ಬಂದವರ ಕಣ್ಣಿಗೆ ಒಂದಿಷ್ಟು ಬಣ್ಣ, ಇಷ್ಟೂ ಇಲ್ಲದ ಸಂಸಾರವು ಎಷ್ಟೇ ಅನುಕೂಲವಾಗಿದ್ದರೂ ಬಡವೆಂದೇ ತೋರುವುದು. ಆದರೆ ಬಯಲುಸೀಮೆಯಲ್ಲಿ ವಾಸಮಾಡುವವರಿಗೆ ಈ ಸಣ್ಣ ಆಶೆಯೂ ಭಾರವಾಗುತ್ತಿದೆ. ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ವರ್ಷವೆಲ್ಲ ಹರಿಯುವ ನದಿ ಒಂದಾದರೂ ಇಲ್ಲ. ತೆರೆದ ಬಾವಿಗಳು ಬತ್ತಿಹೋದುವು. ಕೊಳವೆ ಬಾವಿಗಳನ್ನು 1000 ಅಡಿಗೂ ಮಿಕ್ಕಿ ಕೊರೆಯಿಸುವವರುಂಟು. ಟ್ಯಾಂಕರಿನ ನೀರಿಗೆ ಹಣ ತೆತ್ತು, ಕೊಡವೊಂದಕ್ಕೆ ಲೆಕ್ಕವಿಡುವ ಮನೆಯಲ್ಲಿ ಮಲ್ಲಿಗೆಯ ಬುಡಕ್ಕೆ ನೀರೆರೆಯುವುದು ದುಂದುಗಾರಿಕೆಯೆನಿಸುವುದು ಸಹಜವೇ. ಹೀಗಿರುವಾಗ ಗೃಹಸ್ಥನು ಹೂವಿನ ಆಶೆಯನ್ನೇ ತೊರೆಯಬೇಕೆ? ತೊರೆಯಬೇಕಾದುದಿಲ್ಲ, ಗಿಡವನ್ನು ಆರಿಸಿಕೊಳ್ಳುವ ಕ್ರಮವನ್ನು ಬದಲಾಯಿಸಿದರೆ ಸಾಕು ಎಂಬುದೇ ಈ ಲೇಖನದ ತಾತ್ಪರ್ಯ. ಗೌರೀಬಿದನೂರು ತಾಲ್ಲೂಕಿನ ಅಲೀಪುರವೆಂಬ ಗ್ರಾಮಕ್ಕೆ ಹೋಗಿಬಂದ ಮೇಲೆ ಈ ಮಾತು ನಮಗೆ ಚೆನ್ನಾಗಿ ಮನದಟ್ಟಾಯಿತು.

ಬೆಂಗಳೂರಿನಿಂದ ಹಿಂದೂಪುರದ ಕಡೆಗೆ ಹೋಗುವ ರೈಲುಮಾರ್ಗವು ಯಲಹಂಕ, ದೊಡ್ಡಬಳ್ಳಾಪುರಗಳನ್ನು ದಾಟಿದ ಮೇಲೆ ಮಾಕಳಿದುರ್ಗದ ಬೆಟ್ಟಗಳ ನಡುವೆ ಬಳಸಿಕೊಂಡು ಸಾಗುವುದು. ಎರಡು ಪಕ್ಕಗಳಲ್ಲಿಯೂ ಆನೆಗಳು ಮಲಗಿದಂತೆ ಬಂಡೆಗಳು; ಬಂಡೆಗಳ ಸಂದಿಯಲ್ಲಿ ಒಣಗಿದ ಹುಲ್ಲು, ಬಂದರಿಕೆ, ತಂಗಡಿ, ಕತ್ತಾಳೆ. ತೊಂಡೇಭಾವಿಯ ನಿಲ್ದಾಣದಲ್ಲಿ ಇಳಿದರೆ ಅಲೀಪುರವು ಬಹುದೂರವಿಲ್ಲ. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಲಾರ್, ಚಿತ್ರಾವತಿ, ಅರ್ಕಾವತಿ ಎಂಬ ನದಿಗಳೆಲ್ಲ ನಂದಿಯ ಆಸುಪಾಸಿನ ಬೆಟ್ಟಸಾಲಿನಲ್ಲಿ ಹುಟ್ಟುವುವೆಂದು ಶಾಲೆಗಳಲ್ಲಿ ಹೇಳಿಕೊಡುವರು. ಆದರೆ ಅದೇ ಬೆಟ್ಟದ ಮಗ್ಗುಲಲ್ಲಿರುವ ಸೀಮೆಗೆ ಕುಡಿಯುವ ನೀರಿಗೇ ತತ್ತ್ವಾರ. ದೀಪದ ಬುಡದಲ್ಲಿ ಕತ್ತಲೆಯೆಂಬ ಗಾದೆ ಇಲ್ಲಿ ಅಕ್ಷರಶಃ ಸಲ್ಲುವುದು. ಗೌರೀಬಿದನೂರಿನ ಮಗ್ಗುಲಲ್ಲಿ ಹಾದುಹೋಗುವ ಉತ್ತರ ಪಿನಾಕಿನಿಯು ವರ್ಷದ ಬಹುಭಾಗ ಬರಿಯ ಮರಳಿನ ಹಾದಿ. ಇಲ್ಲಿ ಬೀಳುವ ಮಳೆ ವರ್ಷಕ್ಕೆ ಸುಮಾರು 700 ಮಿಲಿಮೀಟರು, ಎಂದರೆ 28 ಅಂಗುಲಗಳಷ್ಟು. ಅದರಲ್ಲಿಯೂ ಹೆಚ್ಚಿನ ಪಾಲು ಜೂನಿನಿಂದ ಅಕ್ಟೋಬರಿನೊಳಗೆ ಮುಗಿದುಹೋಗುವುದು. ಉಳಿದ ತಿಂಗಳುಗಳಲ್ಲಿ ಆಕಾಶವನ್ನು ನೋಡುವುದೊಂದೇ ಕೆಲಸ.

ಅಲೀಪುರವೆಂಬ ಹೆಸರು ಕಿವಿಗೆ ಬಿದ್ದೊಡನೆ ಉದ್ಯಾನವಿದ್ಯೆಯಲ್ಲಿ ಅಭಿರುಚಿಯುಳ್ಳವರಿಗೆ ಕಲ್ಕತ್ತೆಯ ಅಲೀಪುರವು ನೆನಪಾಗುವುದುಂಟು. 1820ರಲ್ಲಿ ವಿಲಿಯಂ ಕೇರಿಯು ಸ್ಥಾಪಿಸಿದ ಕೃಷಿ ಮತ್ತು ಉದ್ಯಾನ ಸಂಘದ ಪ್ರಸಿದ್ಧವಾದ ತೋಟವಿರುವುದು ಅಲ್ಲಿ. ಗಂಗೆಯ ಮಡಿಲಿನಲ್ಲಿರುವ ಆ ಅಲೀಪುರಕ್ಕೂ ನಮ್ಮ ಈ ಅಲೀಪುರಕ್ಕೂ ಹೆಸರೊಂದರ ಹೊರತು ಬೇರೆ ಸಾಮ್ಯವಿಲ್ಲ. ಇದು ದೊಡ್ಡ ಗ್ರಾಮ. ನಿವಾಸಿಗಳಲ್ಲಿ ಬಹುಮಂದಿ ಷಿಯಾ ಪಂಥದ ಮುಸಲ್ಮಾನರು. ಮನೆಯೊಳಗೆ ಉರ್ದು, ಅಂಗಡಿಬೀದಿಯಲ್ಲಿ ಕನ್ನಡ. ಇಲ್ಲಿಯ ಮೊಹರಂ ಆಚರಣೆಯು ಹೆಸರಾದುದು. ರತ್ನಗಳನ್ನು ಕತ್ತರಿಸಿ ಸಾಣೆಹಿಡಿಯುವ ಕಸಬು ಈ ಊರಿನ ಅನೇಕ ಮನೆತನಗಳಿಗೆ ಅನ್ನವಿಕ್ಕಿದೆ. ಹೊರಗೆ ಒರಟಾಗಿ ಕಾಣುವ ಕಲ್ಲನ್ನು ಬೆರಳುಗಳ ನಡುವೆ ಹಿಡಿದು, ಒಳಗೆ ಎಷ್ಟು ಕಾಂತಿಯಿದೆಯೆಂದು ಅಳೆಯಬಲ್ಲ ಜನ ಇವರು.

ಹಿಂದೆ ನಮ್ಮ ಬಳಿ ಓದಿ, ಈಗ ಕಲ್ಲಿನ ವ್ಯಾಪಾರದಲ್ಲಿರುವ ಶಿಷ್ಯರೊಬ್ಬರು ಈ ಊರಿನವರು. ಅವರ ಆಹ್ವಾನದ ಮೇರೆಗೆ ಮೇ ತಿಂಗಳ ಕೊನೆಯಲ್ಲಿ, ಮೊದಲ ಮಳೆ ಬಿದ್ದು ಎಂಟು ದಿನಗಳಾದ ಮೇಲೆ, ನಾವು ಅಲ್ಲಿಗೆ ಹೋದೆವು. ಬೀದಿಯ ಇಕ್ಕೆಲದ ಅಂಗಳಗಳಲ್ಲಿ ಹಸುರೆಂಬುದು ಅಪರೂಪ. ಆದರೆ ಶಿಷ್ಯರ ಮನೆಯ ಬಾಗಿಲನ್ನು ದಾಟಿದಾಗ ನಾವು ಕಂಡದ್ದೇ ಬೇರೆ. ಗೋಡೆಯ ಬುಡದಲ್ಲಿ ಒಡೆದ ಕುಂಡಗಳು, ಎಣ್ಣೆಯ ಡಬ್ಬಗಳು, ಕಿವಿ ಮುರಿದ ಕೊಳದಪ್ಪಲೆ. ಅವುಗಳ ತುಂಬ ಹೂವು. ಒಂದರಲ್ಲಿ ನಸುಗೆಂಪು ಗೀರುಗಳುಳ್ಳ ಬಿಳಿಯ ತುತೂರಿಯಂಥ ಹೂಗಳ ಗೊಂಚಲು. ಇನ್ನೊಂದರಲ್ಲಿ ಎಲೆಯೇ ಇನ್ನೂ ಸರಿಯಾಗಿ ಹೊರಡದ ದಂಟಿನ ತುದಿಗೆ ಮಕ್ಕಳ ಚೆಂಡಿನಷ್ಟು ದೊಡ್ಡ ಕೆಂಡದ ಬಣ್ಣದ ಗುಂಡು. ಡಬ್ಬಗಳಲ್ಲಿ ಗುಲಾಬಿ ಬಣ್ಣದ ಪುಟ್ಟ ಬಟ್ಟಲುಗಳ ಸಾಲು. ಇವನ್ನೆಲ್ಲ ಸಾಕಿದವರು ಶಿಷ್ಯರ ವೃದ್ಧಮಾತೆ. ಅಕ್ಷರ ಕಲಿತವರಲ್ಲ, ಕನ್ನಡವನ್ನು ಉರ್ದುವಿನ ಏರಿಳಿತದಲ್ಲಿ ಆಡುವರು.

“ಬೇಸಿಗೆಯಲ್ಲಿ ಇವಕ್ಕೆ ಎಷ್ಟು ನೀರು ಹಾಕುತ್ತೀರಿ, ತಾಯೀ?” ಎಂದು ಕೇಳಿದೆವು.

“ಬಾವಿ ಬತ್ತಿದ ವರ್ಷ ಮಲ್ಲಿಗೆ ಹೋಯಿತು, ಮೇಷ್ಟ್ರೇ. ಮಾರನೆಯ ವರ್ಷ ಕನಕಾಂಬರವೂ ಹೋಯಿತು. ಇವು ಮಾತ್ರ ಉಳಿದವು. ಬೇಸಿಗೆಯಲ್ಲಿ ನಾನು ಇವಕ್ಕೆ ನೀರು ಕೊಡುವುದಿಲ್ಲ; ಇವೂ ನನ್ನನ್ನು ಕೇಳುವುದಿಲ್ಲ” ಎಂದರು ಆಕೆ.

ಈ ಮಾತಿನ ಒಳಗುಟ್ಟನ್ನು ಸ್ವಲ್ಪ ವಿಚಾರಮಾಡೋಣ. ನೆಲದೊಳಗೆ ಆಹಾರವನ್ನು ಕೂಡಿಟ್ಟುಕೊಳ್ಳುವ ಸಸ್ಯಭಾಗಕ್ಕೆ ಸಂಸ್ಕೃತದಲ್ಲಿ ಕಂದವೆಂದು ಹೆಸರು. ನಮ್ಮ ಮಾತಿನಲ್ಲಿ ಗೆಡ್ಡೆ. ಚಿಕ್ಕಬಳ್ಳಾಪುರ, ಕೋಲಾರದ ಕಡೆ ಬೆಳೆಯುವ ಗುಲಾಬಿ ಈರುಳ್ಳಿಯೊಂದನ್ನು ಅಡ್ಡಲಾಗಿ ಕೊಯ್ದರೆ ಇದರ ರಚನೆಯು ತಿಳಿಯುವುದು. ಒಂದರೊಳಗೊಂದು ಅಡಗಿದ ಪದರಗಳೆಲ್ಲ ಎಲೆಗಳ ಬುಡಗಳೇ. ನಡುವೆ ಮುಂದಿನ ಮೊಳಕೆ, ಅದರ ಪಕ್ಕದಲ್ಲಿಯೇ ಮುಂದಿನ ಹೂವಿನ ಅಂಕುರ. ಬಯಲುಸೀಮೆಯ ಹಳೆಯ ಒಕ್ಕಲುಮನೆಗಳಲ್ಲಿ ರಾಗಿಯನ್ನು ಹಗೇವಿನಲ್ಲಿ ತುಂಬುತ್ತಿದ್ದುದನ್ನು ವಾಚಕರಲ್ಲಿ ಕೆಲವರು ಕಂಡಿರಬಹುದು. ನೆಲದಲ್ಲಿ ತೋಡಿದ ಗುಂಡಿಗೆ ಹುಲ್ಲು ಹಾಸಿ, ರಾಗಿ ಸುರಿದು, ಬಾಯಿಗೆ ಕಲ್ಲುಮುಚ್ಚಿ ಮಣ್ಣು ಮೆತ್ತಿದರೆ ಅದು ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. ಸುಭಿಕ್ಷದಲ್ಲಿ ತುಂಬಿದುದು ದುರ್ಭಿಕ್ಷದಲ್ಲಿ ಪ್ರಾಣವನ್ನು ಉಳಿಸುತ್ತಿತ್ತು. ಕಂದವು ಗಿಡದ ಹಗೇವು. ಮಳೆಗಾಲದಲ್ಲಿ ಎಲೆಗಳು ದುಡಿದುದನ್ನೆಲ್ಲ ಅದು ಕೆಳಕ್ಕೆ ಇಳಿಸಿಕೊಳ್ಳುವುದು. ಮಳೆ ನಿಂತೊಡನೆ ಎಲೆಗಳನ್ನು ಬಿಟ್ಟುಕೊಟ್ಟು, ಬಾಯಿಮುಚ್ಚಿ ಮಲಗುವುದು. ಹೊರಗಿನಿಂದ ನೋಡಿದವರು ಗಿಡ ಸತ್ತಿತೆಂದು ಕುಂಡವನ್ನು ಬೀದಿಗೆ ಸುರಿಯುವರು. ಒಳಗೆ ಪ್ರಾಣವು ಸುರಕ್ಷಿತವಾಗಿರುವುದು. ಇಷ್ಟೇ ಅಲ್ಲ, ಅನೇಕ ಕಂದಗಳಿಗೆ ಸಂಕೋಚಗೊಳ್ಳುವ ವಿಶೇಷವಾದ ಬೇರುಗಳುಂಟು. ಅವು ಮುದುಡಿಕೊಂಡು, ಗೆಡ್ಡೆಯನ್ನು ವರ್ಷದಿಂದ ವರ್ಷಕ್ಕೆ ತಂಪಾದ ಆಳಕ್ಕೆ ಎಳೆದುಕೊಳ್ಳುವುವು.

ಆದರೆ ಕಂದವೆಂದ ಮಾತ್ರಕ್ಕೆ ಎಲ್ಲವೂ ನಮ್ಮ ಸೀಮೆಗೆ ಒಗ್ಗುವುದಿಲ್ಲ. ಚಿತ್ರಪಟಗಳಲ್ಲಿ ಕಾಣುವ ಟ್ಯೂಲಿಪ್ ಹೂವಿನ ಗೆಡ್ಡೆಯನ್ನು ತರಿಸಿ ನೆಟ್ಟು ನಿರಾಶರಾಗುವವರುಂಟು. ಟ್ಯೂಲಿಪ್ಪಿಗೆ ಹೂಬಿಡುವ ಮೊದಲು ವಾರಗಟ್ಟಲೆ ಕೊರೆಯುವ ಚಳಿ ಬೇಕು; ಕಾಶ್ಮೀರದಲ್ಲಿ ಅದು ದೊರೆಯುವುದು, ಗೌರೀಬಿದನೂರಿನಲ್ಲಿ ದೊರೆಯದು. ದಕ್ಷಿಣ ಆಫ್ರಿಕವು ಕಂದಪುಷ್ಪಗಳ ತೌರುಮನೆ. ಆದರೆ ಅದರ ನೈಋತ್ಯದ ಅಂಚಿನಲ್ಲಿ ಮಳೆ ಬೀಳುವುದು ಚಳಿಗಾಲದಲ್ಲಿ. ಅಲ್ಲಿಯ ಗೆಡ್ಡೆಗಳು ಮಲಗಬೇಕಾದ ಕಾಲದಲ್ಲಿಯೇ ನಮ್ಮಲ್ಲಿ ಮಳೆ ಸುರಿದು ಕೊಳೆಯಿಸಿಬಿಡುವುದು. ಆದಕಾರಣ ಯಾವ ಕಂದವು ಬೇಸಿಗೆಯ ಮಳೆಗೆ ಎದ್ದು, ಚಳಿಗಾಲದ ಒಣಹವೆಗೆ ಮಲಗುವುದೋ ಅದನ್ನೇ ಆರಿಸತಕ್ಕದ್ದು. ಗಿಡದ ಪಂಚಾಂಗವೂ ಊರಿನ ಪಂಚಾಂಗವೂ ಒಂದಾಗಿರಬೇಕು. ಉಳಿದುದೆಲ್ಲ ತಾನಾಗಿ ಸರಿಹೋಗುವುದು.

ಇಂಥ ಹೂಗಳಿಗಾಗಿ ಬಹುದೂರ ಹೋಗಬೇಕಾದುದೂ ಇಲ್ಲ. ನಮ್ಮ ನೆಲದಲ್ಲಿಯೇ ಹುಟ್ಟಿದವುಗಳಲ್ಲಿ ಮೊದಲು ಹೇಳತಕ್ಕದ್ದು ಅಗ್ನಿಶಿಖೆ. ಕನ್ನಡದಲ್ಲಿ ಇದಕ್ಕೆ ಗೌರಿಹೂವೆಂದೂ ಹೆಸರು. ಭಾದ್ರಪದದ ಗೌರೀಹಬ್ಬದ ಆಸುಪಾಸಿನಲ್ಲಿ ಅರಳುವುದು. ದಳಗಳು ಮೊದಲು ಹಳದಿಯಾಗಿದ್ದು ದಿನದಿನಕ್ಕೆ ಕೆಂಪಡರಿ, ಜ್ವಾಲೆಗಳಂತೆ ಮೇಲಕ್ಕೆ ಬಾಗಿ ನಿಲ್ಲುವುವು. ಎಲೆಯ ತುದಿಯೇ ಸುರುಳಿಯಾಗಿ ಬೇಲಿಯನ್ನು ಹಿಡಿದು ಬಳ್ಳಿಯನ್ನು ಏರಿಸುವುದು. ಇದರ ಗೆಡ್ಡೆಯು ನೇಗಿಲಿನಂತೆ ಕವಲಾಗಿರುವುದರಿಂದ ಸಂಸ್ಕೃತದಲ್ಲಿ ಲಾಂಗಲೀ ಎಂದು ಹೆಸರಾಯಿತು, ಲಾಂಗಲವೆಂದರೆ ನೇಗಿಲು. ತಮಿಳುನಾಡು ಇದನ್ನು ತನ್ನ ರಾಜ್ಯಪುಷ್ಪವಾಗಿ ಆರಿಸಿಕೊಂಡಿದೆ. ಔಷಧಕ್ಕೆ ಬೇಕಾದ ಬೀಜಕ್ಕಾಗಿ ಅಲ್ಲಿ ಹೊಲಗಳಲ್ಲಿಯೂ ಬೆಳೆಯುವರು. ಎರಡನೆಯದು ಕಾಡು ಈರುಳ್ಳಿ. ಜಲ್ಲಿ ತುಂಬಿದ ಬರಡುಗಳಲ್ಲಿ, ಬಿಸಿಲು ಉರಿಯುವಾಗಲೇ, ಎಲೆಯಿಲ್ಲದ ಒಂಟಿ ದಂಟನ್ನು ಎತ್ತಿ, ಮಾಸಲು ಬಣ್ಣದ ಪುಟ್ಟ ಗಂಟೆಗಳನ್ನು ತೂಗಿಬಿಡುವುದು. ಎಲೆಗಳು ಮಳೆ ಬಂದ ಮೇಲೆ ಹೊರಡುವುವು. ಮೂರನೆಯದು ಸುದರ್ಶನ. ನಾವು ಮೊದಲು ವರ್ಣಿಸಿದ ಬಿಳಿಯ ತುತೂರಿಯ ಹೂ ಇದೇ. ಇದರ ಗೆಡ್ಡೆಯು ಮುಷ್ಟಿಗಿಂತ ದೊಡ್ಡದು. ಬೀಜವು ಮಾಂಸಲವಾಗಿದ್ದು, ನೀರನ್ನೇ ಕಾಣದೆ, ಗೂಡಿನಲ್ಲಿಟ್ಟಲ್ಲಿಯೇ ಮೊಳೆತುಬಿಡುವುದು. ತನ್ನ ಬುತ್ತಿಯನ್ನು ತಾನೇ ಕಟ್ಟಿಕೊಂಡು ಹೊರಡುವ ಪ್ರಯಾಣಿಕನ ಹಾಗೆ! ಮೇಘದೂತದಲ್ಲಿ ಮೊದಲ ಮಳೆಗೆ ಮೊಗ್ಗೊಡೆಯುವ ಕಂದಲಿಯ ಪ್ರಸ್ತಾಪವುಂಟು. ಕಂದಲಿಯು ಯಾವ ಸಸ್ಯವೆಂಬುದರಲ್ಲಿ ವಿದ್ವಾಂಸರಿಗೆ ಏಕಮತವಿಲ್ಲ. ಆದರೆ ಮೊದಲ ಮಳೆಗೂ ನೆಲದಡಿಯ ಅಂಕುರಕ್ಕೂ ಇರುವ ಸಂಬಂಧವನ್ನು ಕವಿಯು ಕಣ್ಣಾರೆ ಕಂಡಿದ್ದನೆಂಬುದರಲ್ಲಿ ಸಂಶಯವಿಲ್ಲ.

ಹೊರನಾಡಿನಿಂದ ಬಂದು ನಮ್ಮವೇ ಆಗಿಹೋದ ಕೆಲವು ಹೂಗಳುಂಟು. ಡಬ್ಬಗಳಲ್ಲಿ ನಾವು ಕಂಡ ಗುಲಾಬಿ ಬಣ್ಣದ ಬಟ್ಟಲುಗಳು ಮಳೆಲಿಲ್ಲಿ; ಇದರ ಜನ್ಮಭೂಮಿ ಅಮೆರಿಕ ಖಂಡ. ಒಣಗಿ ಬಿದ್ದಿರುವ ಗೆಡ್ಡೆಗೆ ಒಂದು ಜಡಿಮಳೆ ಬಿದ್ದರೆ ಕೆಲವೇ ದಿನಗಳಲ್ಲಿ ಹೂ ಹೊರಡುವುದು. ಕೆಂಡದ ಚೆಂಡಿನಂಥದು ಫುಟ್‌ಬಾಲ್ ಲಿಲ್ಲಿ, ಆಫ್ರಿಕದ್ದು. ಅದು ವರ್ಷಕ್ಕೊಮ್ಮೆ ಮೇ ತಿಂಗಳ ಸುಮಾರಿಗೆ ಅರಳುವುದು. ಇನ್ನು ಸುಗಂಧರಾಜನ ವಿಷಯದಲ್ಲಿ ಹೇಳುವುದಾದರೆ, ಹೆಸರು ಸಂಸ್ಕೃತವಾದರೂ ಹುಟ್ಟು ಮೆಕ್ಸಿಕೋ ದೇಶದ್ದು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಶೃಂಗಾರ, ಪ್ರಜ್ವಲ ಎಂಬ ಒಂಟಿಸುತ್ತಿನ ತಳಿಗಳನ್ನೂ ಸುವಾಸಿನಿ, ವೈಭವ ಎಂಬ ಸುತ್ತುಹೂವಿನ ತಳಿಗಳನ್ನೂ ಹೊರತಂದಿದೆ. ಉಳಿದವುಗಳಿಗಿಂತ ಇದಕ್ಕೆ ನೀರು ಸ್ವಲ್ಪ ಹೆಚ್ಚು ಬೇಕು. ಆದುದರಿಂದ ಬಚ್ಚಲ ಪಕ್ಕದ ಹಸಿಯಿರುವ ತಾವಿನಲ್ಲಿ ಇದಕ್ಕೆ ಜಾಗ ಕೊಡುವುದು ಲೇಸು.

ಬೆಳೆಸುವ ಕ್ರಮವು ಸುಲಭ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ದಪ್ಪ ಮರಳು ಅಥವಾ ಸಣ್ಣ ಗರಸು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆಗೊಬ್ಬರ, ಇಷ್ಟನ್ನು ಬೆರಸಬೇಕು. ಹಸಿಗೊಬ್ಬರವು ಸರ್ವಥಾ ಕೂಡದು. ಕುಂಡದ ತಳದಲ್ಲಿ ತೂತಿರಲೇಬೇಕು. ತೂತಿನ ಮೇಲೆ ಒಂದು ಹೆಂಚಿನ ಚೂರನ್ನಿಟ್ಟು ಮಣ್ಣು ತುಂಬಬೇಕು. ಸುದರ್ಶನ ಮತ್ತು ಫುಟ್‌ಬಾಲ್ ಲಿಲ್ಲಿಯ ಗೆಡ್ಡೆಗಳ ಕೊರಳು ಮಣ್ಣಿನ ಮಟ್ಟಕ್ಕೆ ಕಾಣುತ್ತಿರಲಿ. ಮಳೆಲಿಲ್ಲಿಯನ್ನು 1 ಅಂಗುಲದಿಂದ 2 ಅಂಗುಲದ ಆಳದಲ್ಲಿ ಗುಂಪಾಗಿ ನೆಡುವುದು. ಅಗ್ನಿಶಿಖೆಯ ಗೆಡ್ಡೆಯನ್ನು 2 ಅಂಗುಲದ ಆಳದಲ್ಲಿ ಅಡ್ಡಲಾಗಿ ಮಲಗಿಸಬೇಕು. ಮೊಳಕೆಯು ತುದಿಯಲ್ಲಿರುವುದರಿಂದ ತುದಿ ಮುರಿದ ಗೆಡ್ಡೆಯು ನಿಷ್ಫಲವಾಗುವುದು. ಬಳ್ಳಿಗೆ ಒಂದು ಕಡ್ಡಿಯ ಆಸರೆಯಿರಲಿ. ಮಳೆಗಾಲದಲ್ಲಿ ಮಳೆ ತಪ್ಪಿದರೆ ವಾರಕ್ಕೊಂದೆರಡು ಸಲ ಅಕ್ಕಿ ತೊಳೆದ ನೀರನ್ನು ಹಾಕಿದರೆ ಸಾಕು. ಸಾಬೂನಿನ ನೀರನ್ನು ಹಾಕಬಾರದು.

ಬಹುಮಂದಿ ಎಡವುವುದು ಮಳೆಗಾಲವು ಮುಗಿದ ಮೇಲೆ. ಎಲೆಗಳು ಹಳದಿಯಾಗತೊಡಗಿದಾಗ ಗಿಡವು ಬಾಡುತ್ತಿದೆಯೆಂದು ಮರುಗಿ ಹೆಚ್ಚು ನೀರು ಹಾಕುವರು. ಇಲ್ಲವೆ ಅಂದಗೆಟ್ಟಿತೆಂದು ಎಲೆಗಳನ್ನು ಕತ್ತರಿಸಿಬಿಡುವರು. ಎರಡೂ ಕೇಡು. ಎಲೆಯಲ್ಲಿರುವ ಸತ್ತ್ವವೆಲ್ಲ ಗೆಡ್ಡೆಗೆ ಇಳಿಯುವವರೆಗೆ ಅದನ್ನು ಮುಟ್ಟಬಾರದು. ಒಣಗಿ ತಾನಾಗಿ ಕಳಚಿದ ಮೇಲೆ ನೀರನ್ನು ಪೂರ್ತಿಯಾಗಿ ನಿಲ್ಲಿಸಿ, ಕುಂಡವನ್ನು ಸೂರಿನ ಕೆಳಗೆ ಸರಿಸಿಡಬೇಕು. ನಿದ್ರೆಯ ಕಾಲದಲ್ಲಿ ನೀರು ಕುಡಿದ ಗೆಡ್ಡೆ ಕೊಳೆಯುವುದು. ಬಾಯಾರಿಕೆಯಿಂದ ಸತ್ತ ಗೆಡ್ಡೆಗಳಿಗಿಂತ ಪ್ರೀತಿಯ ನೀರಿನಿಂದ ಸತ್ತವೇ ಹೆಚ್ಚೆಂದು ಆ ವೃದ್ಧಮಾತೆಯೂ ಹೇಳಿದರು. ಮಳೆಗಾಲದಲ್ಲಿ ಕಪ್ಪು ಮೈಯ ಮೇಲೆ ಬಿಳಿ ಮತ್ತು ಕೆಂಪು ಚುಕ್ಕೆಗಳುಳ್ಳ ಒಂದು ಜಾತಿಯ ಹುಳುವು ಅಗ್ನಿಶಿಖೆ, ಸುದರ್ಶನಗಳ ಎಲೆಯನ್ನು ರಾತ್ರಿಯೊಳಗಾಗಿ ತಿಂದು ಮುಗಿಸುವುದು. ಬೆಳಗ್ಗೆ ಎದ್ದೊಡನೆ ಕಡ್ಡಿಯಿಂದ ಆರಿಸಿ ತೆಗೆಯುವುದೇ ಇದಕ್ಕೆ ಸುಲಭವಾದ ಪರಿಹಾರ.

ಮಕ್ಕಳಿರುವ ಮನೆಯವರು ಒಂದು ಎಚ್ಚರಿಕೆಯನ್ನು ಅವಶ್ಯವಾಗಿ ಗಮನಿಸಬೇಕು. ಅಗ್ನಿಶಿಖೆಯ ಸರ್ವಾಂಗವೂ, ಮುಖ್ಯವಾಗಿ ಗೆಡ್ಡೆಯೂ ಬೀಜವೂ, ಪ್ರಾಣಾಂತಿಕವಾದ ವಿಷ. ಕಾಡು ಈರುಳ್ಳಿ, ಸುದರ್ಶನಗಳೂ ತಿನ್ನತಕ್ಕವಲ್ಲ. ಇವನ್ನು ಅಡುಗೆಮನೆಯ ಗೆಡ್ಡೆಗೆಣಸುಗಳ ಬಳಿ ಎಂದಿಗೂ ಇಡಕೂಡದು. ಮುಟ್ಟಿದ ಮೇಲೆ ಕೈ ತೊಳೆಯಬೇಕು. ಹಳೆಯ ಗ್ರಂಥದಲ್ಲಿ ಔಷಧವೆಂದು ಹೇಳಿದೆಯೆಂದು ಮನೆಯಲ್ಲಿ ಪ್ರಯೋಗಮಾಡುವುದು ಮೃತ್ಯುವನ್ನು ಕರೆದಂತೆ.

ಇನ್ನು ಇವುಗಳನ್ನು ಎಲ್ಲಿಂದ ತರುವುದು? ಬೆಟ್ಟಕ್ಕೆ ಹೋಗಿ ಅಗೆದು ತರುವುದು ಸರ್ವಥಾ ಸಲ್ಲದು. ಹಿಂದೆ ದನ ಮೇಯುತ್ತಿದ್ದ ಗೋಮಾಳಗಳು, ಕೆರೆಯ ಏರಿಗಳು, ಬಂಡೆಯ ಸಂದಿನ ಬರಡುಗಳು ಇವುಗಳ ನೆಲೆಯಾಗಿದ್ದುವು. ಆಗಿನ್ನೂ ಕೋಲಾರ ಜಿಲ್ಲೆಗೇ ಸೇರಿದ್ದ ಈ ಸೀಮೆಯಲ್ಲಿ 1980ರ ದಶಕದಿಂದ ನೀಲಗಿರಿಯ ತೋಪುಗಳು ಬಯಲಿನಿಂದ ಬಯಲಿಗೆ ಹಬ್ಬಿದುವು. ಹೊಸದಾಗಿ ನೆಡುವುದನ್ನು ಸರ್ಕಾರವು 2017ರಲ್ಲಿ ನಿಷೇಧಿಸಿತು. ಬಂಡೆಗಳನ್ನು ಜಲ್ಲಿಗಾಗಿ ಒಡೆದರು, ಗೋಮಾಳಗಳು ನಿವೇಶನಗಳಾದುವು, ಔಷಧದ ವ್ಯಾಪಾರಕ್ಕಾಗಿ ಗೆಡ್ಡೆಗಳನ್ನು ಅಗೆದರು. ಎಲೆ ಕಿತ್ತರೆ ಮತ್ತೆ ಚಿಗುರುವುದು, ಹೂ ಕಿತ್ತರೆ ಮುಂದಿನ ವರ್ಷ ಬರುವುದು; ಗೆಡ್ಡೆಯನ್ನೇ ಕಿತ್ತರೆ ಹಗೇವನ್ನು ಸೂರೆಮಾಡಿದಂತೆ, ಆ ವಂಶವು ಅಲ್ಲಿಗೆ ಮುಗಿಯಿತು. ಬೆಟ್ಟದಲ್ಲಿ ಹೂವನ್ನು ಕಂಡರೆ ತಾವನ್ನು ನೆನಪಿಟ್ಟುಕೊಂಡು, ಕಾಯಿ ಒಡೆದ ಕಾಲದಲ್ಲಿ ನಾಲ್ಕು ಬೀಜಗಳನ್ನು ತಂದು, ಉಳಿದುದನ್ನು ಅಲ್ಲಿಯೇ ಬಿಡಬೇಕು. ಬೀಜದಿಂದ ಬೆಳೆದ ಅಗ್ನಿಶಿಖೆಯು ಹೂಬಿಡುವುದಕ್ಕೆ ಮೂರು ನಾಲ್ಕು ವರ್ಷಗಳು ಹಿಡಿಯುವುವು. ಕಾಯಲಾರದವರು ನೆರೆಹೊರೆಯವರಲ್ಲಿ ಕೇಳಿ ಪಡೆಯಲಿ. ಗೆಡ್ಡೆಯ ಪಕ್ಕದಲ್ಲಿ ಮರಿಗೆಡ್ಡೆಗಳು ಹುಟ್ಟುತ್ತಲೇ ಇರುವುದರಿಂದ, ಕೊಡುವವರಿಗೆ ಇದರಲ್ಲಿ ನಷ್ಟವಿಲ್ಲ.

ಕೊಡುವುದರ ಮಹತ್ತ್ವವು ನಮಗೆ ಅಲೀಪುರದಲ್ಲಿ ಇನ್ನೊಂದು ಬಗೆಯಿಂದಲೂ ತಿಳಿಯಿತು. ಆ ಮನೆಯ ಸುದರ್ಶನವು ವೃದ್ಧಮಾತೆಯು ಮದುವೆಯಾಗಿ ಬಂದಾಗ ತೌರಿನಿಂದ ಸೆರಗಿನಲ್ಲಿ ಕಟ್ಟಿ ತಂದ ಒಂದೇ ಗೆಡ್ಡೆಯ ಸಂತಾನ. ಐವತ್ತು ವರ್ಷಗಳ ಮೇಲಾಯಿತು. ತೌರುಮನೆಯ ಅಂಗಳ ಈಗಿಲ್ಲ. ಶಿಷ್ಯರಿಗೆ ಮನೆಯನ್ನು ವಿಸ್ತರಿಸಿ ಅಂಗಳಕ್ಕೆಲ್ಲ ಸಿಮೆಂಟು ಹಾಕಿಸುವ ಉದ್ದೇಶವಿತ್ತು. “ಧೂಳು ತಪ್ಪುತ್ತದೆ, ಸಾರ್, ಗಾಡಿ ನಿಲ್ಲಿಸುವುದಕ್ಕೂ ಜಾಗವಾಗುತ್ತದೆ” ಎಂದರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಸಂಸಾರ ಬೆಳೆದಂತೆ ಮನೆಯೂ ಬೆಳೆಯಬೇಕಷ್ಟೆ. ತಾಯಿಯು, “ಗೋಡೆಯ ಮಗ್ಗುಲಲ್ಲಿ ಎರಡು ಮೊಳ ಬಿಡಪ್ಪಾ, ಸಾಕು” ಎಂದರು. ಮಗನು ಕುಂಡಗಳನ್ನು ನೋಡುತ್ತ ಸುಮ್ಮನಿದ್ದರು. ಆದರೆ ಆಕೆಯು ಉತ್ತರಕ್ಕಾಗಿ ಕಾಯುತ್ತ ಕುಳಿತವರಲ್ಲ. ಆಗಲೇ ಆ ಬೀದಿಯ ಏಳು ಮನೆಗಳಿಗೆ, ಹೆಣ್ಣುಮಕ್ಕಳ ಅತ್ತೆಮನೆಗಳಿಗೆ ಮರಿಗೆಡ್ಡೆಗಳನ್ನು ಹಂಚಿದ್ದರು. ಹೊರಡುವಾಗ ನಮ್ಮ ಕೈಯಲ್ಲಿಯೂ ಮೂರನ್ನು ಕಾಗದದಲ್ಲಿ ಸುತ್ತಿ ಇಟ್ಟರು. ಒಂದು ಅಂಗಳವು ಮುಚ್ಚಿಹೋದರೂ ಹೂವಿನ ವಂಶವು ಮುಚ್ಚಿಹೋಗದಿರುವ ಉಪಾಯ ಅದು.

ಒಂದು ವಂಶವು ಒಂದೇ ಕುಂಡದಲ್ಲಿರುವವರೆಗೆ ಅದಕ್ಕೆ ಅಪಾಯವುಂಟು. ಹತ್ತು ಮನೆಗಳಲ್ಲಿದ್ದರೆ ಯಾವ ಬರವೂ ಅದನ್ನು ಅಳಿಸಲಾರದು. ಆದುದರಿಂದ ವಾಚಕ ಮಹಾಶಯರಲ್ಲಿಯೂ ಗೃಹಿಣಿಯರಲ್ಲಿಯೂ ನಮ್ಮ ಬಿನ್ನಹವಿಷ್ಟೆ. ಮನೆ ಕಟ್ಟುವಾಗ ಗೋಡೆಯ ಮಗ್ಗುಲಲ್ಲಿ ಎರಡು ಮೊಳದ ಮಣ್ಣನ್ನು ಮುಚ್ಚದೆ ಬಿಡಿರಿ. ಅದರಲ್ಲಿ ನಾಲ್ಕು ಗೆಡ್ಡೆಗಳನ್ನು ನೆಟ್ಟು, ಮಳೆಗಾಲದಲ್ಲಿ ಸಾಕಿ, ಬೇಸಿಗೆಯಲ್ಲಿ ಅವುಗಳ ಪಾಡಿಗೆ ಬಿಟ್ಟುಬಿಡಿರಿ. ಮರಿಗಳಾದಾಗ ಕೇಳಿದವರಿಗೂ ಕೇಳದವರಿಗೂ ಕೊಡಿರಿ. ಒಣಗಿದ ಕುಂಡವನ್ನು ಬೀದಿಗೆ ಸುರಿಯುವ ಮೊದಲು ಬೆರಳಿನಿಂದ ಮಣ್ಣನ್ನು ಕೆದಕಿ ನೋಡಿರಿ. ಒಳಗಿನ ಗೆಡ್ಡೆಯು ಗಟ್ಟಿಯಾಗಿದ್ದರೆ ಮುಂದಿನ ಮಳೆಯವರೆಗೆ ಕಾಯುವುದೊಂದೇ ನಿಮ್ಮ ಕೆಲಸ.